ಜಿಪಿಎಸ್ ಟಿಪ್ಪಣಿ: ಓದುವ ಬಗೆ, ಬರೆದಿಡುವ ಬಗೆ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ, ಜವನಗೊಂಡನಹಳ್ಳಿ)

ನೆಲವನ್ನು ಅಳೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಸರ್ವೆಯನ್ನು ಕೈಗೊಂಡನು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಆಧಾರರೇಖೆಯೊಂದನ್ನು ಅಳೆದು ತ್ರಿಕೋನಮಿತಿಯ ಮಹಾಸರ್ವೆಗೆ ಅಡಿಪಾಯ ಹಾಕಿದನು. ಆ ಮೇಲೆ ಹಳ್ಳಿಹಳ್ಳಿಗೂ ಸರಪಳಿ ಬಂದಿತು, ಬಾಂದುಕಲ್ಲು ಬಂದಿತು, ಟಿಪ್ಪಣಿ ಬಂದಿತು. ಸರ್ವೆಯವರು ಹೊಲದಲ್ಲಿ ನಿಂತು ಅಳೆದುದನ್ನು ಅಲ್ಲಿಯೇ ಬರೆದುಕೊಂಡ ಟಿಪ್ಪಣಿಯನ್ನು ಇಂದಿಗೂ ಬದುವಿನ ವ್ಯಾಜ್ಯ ಬಂದಾಗ ತೆಗೆದು ನೋಡುತ್ತಾರೆ. ನಕಾಶೆ ಹರಿದುಹೋದರೂ ಟಿಪ್ಪಣಿಯಿದ್ದರೆ ಮತ್ತೊಂದು ನಕಾಶೆಯನ್ನು ಬರೆಯಬಹುದು. ಟಿಪ್ಪಣಿಯೇ ಹೋದರೆ ನಕಾಶೆ ಸರಿಯೇ ತಪ್ಪೇ ಎಂದು ಪರೀಕ್ಷಿಸುವ ದಾರಿ ಮುಚ್ಚಿಹೋಗುತ್ತದೆ.

ಈಗ ನಮ್ಮೆಲ್ಲರ ಜೇಬಿನಲ್ಲಿಯೂ ಅಳತೆಯ ಯಂತ್ರವೊಂದು ಇದೆ. ಮೊಬೈಲನ್ನು ತೆರೆದರೆ ನಕಾಶೆಯ ಮೇಲೆ ನೀಲಿ ಚುಕ್ಕೆಯೊಂದು ಕಾಣಿಸಿ ‘ನೀನು ಇಲ್ಲಿದ್ದೀಯೆ’ ಎನ್ನುತ್ತದೆ. ಅದನ್ನು ಹಿಡಿದು ಹೊಲದ ಸುತ್ತ ನಡೆದು ‘ಇಷ್ಟು ಗುಂಟೆ’ ಎಂದು ಲೆಕ್ಕ ಹೇಳುವವರು ನಮ್ಮ ಹಳ್ಳಿಗಳಲ್ಲಿ ಉಂಟು. ಆದರೆ ಆ ಚುಕ್ಕೆಯು ನಕಾಶೆಗೆ ಸೇರಿದ್ದು. ಅದರ ಟಿಪ್ಪಣಿ ಎಲ್ಲಿ? ಎಷ್ಟು ಉಪಗ್ರಹಗಳ ಸಾಕ್ಷ್ಯದ ಮೇಲೆ, ಎಷ್ಟು ಹೊತ್ತಿಗೆ, ಎಷ್ಟು ತಪ್ಪಿನ ಅಂದಾಜಿನೊಡನೆ ಆ ಚುಕ್ಕೆ ಅಲ್ಲಿ ಕುಳಿತಿತು? ವಾಹನಕ್ಕೆ ದಾರಿ ತೋರಿಸುವ ಪ್ರೋಗ್ರಾಮುಗಳಂತೂ ರಸ್ತೆಯಿಂದ ಸ್ವಲ್ಪ ಹೊರಗೆ ಬಿದ್ದ ಚುಕ್ಕೆಯನ್ನು ತಾವೇ ಎಳೆದು ರಸ್ತೆಯ ಮೇಲೆ ಕೂರಿಸುತ್ತವೆ. ನೋಡುವವನಿಗೆ ಅಂದವಾಗಿ ಕಾಣುತ್ತದೆ, ಸಾಕ್ಷ್ಯ ಮಾತ್ರ ಮರೆಯಾಗುತ್ತದೆ.

ಈ ಟಿಪ್ಪಣಿಯನ್ನು ಓದುವುದಕ್ಕೂ ಬರೆದಿಡುವುದಕ್ಕೂ ಸರಳವಾದ ಕೆಲವು ಪ್ರೋಗ್ರಾಮುಗಳಿವೆ. ಇವುಗಳಲ್ಲಿ ಚಿತ್ರವಿಲ್ಲ, ಬಣ್ಣದ ಗುಂಡಿಗಳಿಲ್ಲ. ಕಂಪ್ಯೂಟರಿನ ಟರ್ಮಿನಲ್ ಎಂಬ ಕರಿಯ ಕಿಟಕಿಯಲ್ಲಿ ಒಂದು ಸಾಲಿನ ಆಜ್ಞೆಯನ್ನು ಟೈಪು ಮಾಡಿದರೆ ಉತ್ತರವು ಅಕ್ಷರ ಮತ್ತು ಅಂಕಿಗಳ ರೂಪದಲ್ಲಿಯೇ ಬರುತ್ತದೆ. ಆದುದರಿಂದ ಇವನ್ನು ಆಜ್ಞಾಸಾಲಿನ ಪ್ರೋಗ್ರಾಮುಗಳು ಎನ್ನಬಹುದು. ಇಂಥವು ವಿಜ್ಞಾನ ವಿಭಾಗದವರ ಸೊತ್ತೆಂದು ಕಲಾವಿಭಾಗದ ನಾವು ಸುಮ್ಮನಿರುವುದು ಸರಿಯಲ್ಲ. ಭೂಗೋಳ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವರಿಗೇ ಇವುಗಳ ಉಪಯೋಗ ಹೆಚ್ಚು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1. ಅಳತೆಯ ತತ್ತ್ವ

ಜಿಪಿಎಸ್ ಅಮೆರಿಕ ಸಂಯುಕ್ತ ಸಂಸ್ಥಾನಗಳ ವ್ಯವಸ್ಥೆ. ಅದರ ಮೊದಲ ಉಪಗ್ರಹ ಮೇಲೇರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣಗೊಂಡುದು 1995ರಲ್ಲಿ. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ತಾವು ಎಲ್ಲಿದ್ದೇವೆ, ಈಗ ಗಂಟೆ ಎಷ್ಟು ಎಂಬುದನ್ನು ಎಡೆಬಿಡದೆ ಸಾರುತ್ತಿರುತ್ತವೆ. ನೆತ್ತಿಯ ಮೇಲಿನ ಉಪಗ್ರಹದಿಂದ ಹೊರಟ ಸಂಕೇತವು ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಸಾವಿರದ 67 ಭಾಗದಷ್ಟು ಹೊತ್ತು ಹಿಡಿಯುತ್ತದೆ. ಈ ವಿಳಂಬವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರವು ದೊರೆಯುತ್ತದೆ. ಮೂರು ದೂರಗಳು ತಿಳಿದರೆ ಸ್ಥಳ ಗೊತ್ತಾಗಬೇಕು. ಆದರೆ ನಮ್ಮ ಕೈಯಲ್ಲಿರುವ ಗ್ರಾಹಕಯಂತ್ರದ ಗಡಿಯಾರ ಅಗ್ಗದ್ದು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಅದು ತಪ್ಪಿದರೂ ದೂರವು 300 ಮೀಟರು ತಪ್ಪುತ್ತದೆ. ಈ ತಪ್ಪನ್ನೂ ಒಂದು ಅಜ್ಞಾತವೆಂದು ಇಟ್ಟುಕೊಂಡು ಬಿಡಿಸಬೇಕಾದುದರಿಂದ ನಾಲ್ಕನೆಯ ಉಪಗ್ರಹವೂ ಬೇಕಾಗುತ್ತದೆ.

2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರವು ಜನಸಾಮಾನ್ಯರ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. ಅದು ನಿಂತ ಮೇಲೆ ಸಾಧಾರಣ ಗ್ರಾಹಕವೂ ಬಯಲಿನಲ್ಲಿ ಕೆಲವೇ ಮೀಟರುಗಳ ತಪ್ಪಿನೊಳಗೆ ಸ್ಥಳವನ್ನು ಹೇಳಬಲ್ಲುದು. ಪರರ ಕೈಯಲ್ಲಿರುವ ವ್ಯವಸ್ಥೆಯನ್ನೇ ನಂಬಿ ಕೂರುವುದು ಸಲ್ಲದೆಂದು ನಮ್ಮ ದೇಶವೂ ತನ್ನದೊಂದನ್ನು ಕಟ್ಟಿತು. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. 2016ರ ಏಪ್ರಿಲ್ 28ರಂದು ಏಳನೆಯದು ಏರಿದಾಗ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಾಯಿತು. ಇದರ ನಿರ್ವಹಣಾ ಕೇಂದ್ರವು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ದಾರಿ ಸುಗಮವಾಗೇನೂ ಇರಲಿಲ್ಲ. ಹಲವು ಉಪಗ್ರಹಗಳಲ್ಲಿ ಹೊರದೇಶದಿಂದ ತಂದ ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಏರಿದ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ಗಡಿಯಾರವಿತ್ತು. 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ಉದ್ದೇಶಿಸಿದ ಕಕ್ಷೆಯನ್ನು ಸೇರಲಿಲ್ಲ. ಯಾವ ದೇಶದ ಯಾವ ಉಪಗ್ರಹ ಈ ಗಳಿಗೆಯಲ್ಲಿ ನಮಗೆ ಕೆಲಸಕ್ಕೆ ಬರುತ್ತಿದೆ ಎಂಬುದನ್ನು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಗಿಲ್ಲ. ಮುಂದೆ ಹೇಳುವ ಪ್ರೋಗ್ರಾಮುಗಳು ನಮ್ಮ ಕಣ್ಣೆದುರಿಗೇ ಅದನ್ನು ತೋರಿಸುತ್ತವೆ.

2. ಒಂದು ಗ್ರಾಹಕ, ಹಲವು ಗಿರಾಕಿಗಳು

ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಜಿಪಿಎಸ್ ಗ್ರಾಹಕವೊಂದು, ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೊಂದು ಇದ್ದರೆ ಸಲಕರಣೆ ಮುಗಿಯಿತು. ಗ್ರಾಹಕವು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಎನ್‌ಎಂಇಎ ಎಂಬ ಕ್ರಮದ ಸಾಲುಗಳನ್ನು ಉಗುಳುತ್ತಿರುತ್ತದೆ. ಡಾಲರ್ ಚಿಹ್ನೆಯಿಂದ ಆರಂಭವಾಗುವ ಈ ಸಾಲಿನಲ್ಲಿ ವೇಳೆ, ಅಕ್ಷಾಂಶ, ರೇಖಾಂಶ ಮೊದಲಾದವು ಅಲ್ಪವಿರಾಮಗಳಿಂದ ಬೇರ್ಪಟ್ಟಿರುತ್ತವೆ. ಕೊನೆಯಲ್ಲಿ ನಕ್ಷತ್ರ ಚಿಹ್ನೆಯ ಮುಂದೆ ತಾಳೆನೋಡುವ ಸಂಖ್ಯೆಯೊಂದಿರುತ್ತದೆ. ದಾರಿಯಲ್ಲಿ ಒಂದು ಅಕ್ಷರ ಕೆಟ್ಟರೂ ಲೆಕ್ಕ ತಾಳೆಯಾಗದೆ ಸಾಲು ತಿರಸ್ಕೃತವಾಗುತ್ತದೆ.

ಹಲವು ಪ್ರೋಗ್ರಾಮುಗಳು ಒಮ್ಮೆಗೇ ನೇರವಾಗಿ ಗ್ರಾಹಕಕ್ಕೆ ಕೈಹಾಕಿದರೆ ಒಬ್ಬರ ಸಾಲನ್ನು ಇನ್ನೊಬ್ಬರು ಕಸಿದುಕೊಂಡಂತಾಗುತ್ತದೆ. ಈ ತೊಡಕನ್ನು ನಿವಾರಿಸಲು ‘ಜಿಪಿಎಸ್‌ಡಿ’ ಎಂಬ ಪ್ರೋಗ್ರಾಮು ಹುಟ್ಟಿತು. ಊರಿನ ನೀರಿನ ಟ್ಯಾಂಕಿಗೆ ಕೊಳವೆ ಬಾವಿಯಿಂದ ಒಂದೇ ಪೈಪು ಬರುತ್ತದೆ. ಸುತ್ತ ನಾಲ್ಕು ನಲ್ಲಿಗಳಿದ್ದು ನಾಲ್ವರು ಕೊಡ ಹಿಡಿಯುತ್ತಾರೆ. ಹಾಗೆಯೇ ಜಿಪಿಎಸ್‌ಡಿಯು ತೆರೆಯ ಹಿಂದೆ ಕುಳಿತು ಗ್ರಾಹಕದ ಮಾತನ್ನೆಲ್ಲ ತಾನೊಂದೇ ಕೇಳಿಸಿಕೊಳ್ಳುತ್ತದೆ, ಬೇರೆ ಬೇರೆ ತಯಾರಕರ ಯಂತ್ರಗಳ ಬೇರೆ ಬೇರೆ ಭಾಷೆಗಳನ್ನು ಒಂದೇ ರೂಪಕ್ಕೆ ತರುತ್ತದೆ, 2947ನೆಯ ಸಂಖ್ಯೆಯ ಬಾಗಿಲಿನಲ್ಲಿ ಕೇಳಿದವರಿಗೆಲ್ಲ ಹಂಚುತ್ತದೆ. ಹಾಗೆ ಬಂದು ಕೇಳುವ ಪ್ರೋಗ್ರಾಮುಗಳಿಗೆ ‘ಕ್ಲೈಂಟ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಗಿರಾಕಿಗಳು.

ರೆಮ್ಕೋ ಟ್ರೆಫ್‌ಕಾರ್ನ್ ಎಂಬಾತನು ಆರಂಭಿಸಿದ ಈ ಕೆಲಸವನ್ನು ಎರಿಕ್ ರೇಮಂಡ್, ಆ ಮೇಲೆ ಗ್ಯಾರಿ ಮಿಲ್ಲರ್ ಮುಂದುವರಿಸಿದರು. ಇದಕ್ಕೆ ಬೆಲೆಯಿಲ್ಲ. ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

3. ತೋರಿಸುವವು, ಬರೆದಿಡುವವು

ಗಿರಾಕಿಗಳಲ್ಲಿ ಮುಖ್ಯವಾದ ನಾಲ್ಕನ್ನು ಇಲ್ಲಿ ಪರಿಚಯಿಸುತ್ತೇನೆ. ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಯಂತ್ರಕ್ಕೆ ಹೇಳುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪು ಮಾಡಬೇಕು.

ಮೊದಲನೆಯದು ‘ಸಿಜಿಪಿಎಸ್’. ಇದು ನೋಡುವುದಕ್ಕೆ. ಪರದೆಯಲ್ಲಿ ಎರಡು ಚೌಕಗಳು ಮೂಡುತ್ತವೆ. ಎಡಗಡೆಯದರಲ್ಲಿ ವೇಳೆ, ಅಕ್ಷಾಂಶ, ರೇಖಾಂಶ, ಎತ್ತರ, ವೇಗ, ಸಾಗುತ್ತಿರುವ ದಿಕ್ಕು, ಅವುಗಳ ಕೆಳಗೆ ತಪ್ಪಿನ ಅಂದಾಜುಗಳು. ಬಲಗಡೆಯದರಲ್ಲಿ ಉಪಗ್ರಹಗಳ ಹಾಜರಿಪಟ್ಟಿ. ಒಂದೊಂದರ ಸಂಖ್ಯೆ, ದಿಗಂತದಿಂದ ಅದು ಎಷ್ಟು ಡಿಗ್ರಿ ಮೇಲಿದೆ, ಯಾವ ದಿಕ್ಕಿನಲ್ಲಿದೆ, ಸಂಕೇತ ಎಷ್ಟು ಬಲವಾಗಿದೆ, ಲೆಕ್ಕಕ್ಕೆ ಅದನ್ನು ತೆಗೆದುಕೊಂಡಿದೆಯೇ ಇಲ್ಲವೇ ಎಂಬುದೆಲ್ಲ ಅಲ್ಲಿದೆ. ಹೆಸರಿನ ಹಿಂದೆ ‘ಜಿಪಿ’ ಎಂದಿದ್ದರೆ ಅಮೆರಿಕದ್ದು, ‘ಜಿಎಲ್’ ರಷ್ಯದ್ದು, ‘ಜಿಎ’ ಯೂರೋಪಿನದು, ‘ಬಿಡಿ’ ಚೀನದ್ದು, ‘ಐಆರ್’ ನಮ್ಮ ನಾವಿಕ್. ನಾವಿಕ್ ಕಾಣಿಸಬೇಕಾದರೆ ಗ್ರಾಹಕವೂ ಅದನ್ನು ಕೇಳಬಲ್ಲುದಾಗಿರಬೇಕು. ಎಸ್ ಕೀಲಿಯನ್ನು ಒತ್ತಿದರೆ ಮೂಲಸಾಲುಗಳು ಕೆಳಗೆ ಹರಿಯುವುದನ್ನು ತೋರಿಸಲೂ ನಿಲ್ಲಿಸಲೂ ಬಹುದು. ಕ್ಯೂ ಒತ್ತಿದರೆ ಪ್ರೋಗ್ರಾಮು ಮುಗಿಯುತ್ತದೆ.

ಈ ಹಾಜರಿಪಟ್ಟಿಯೇ ಒಂದು ಭೂಗೋಳದ ಪಾಠ. ಜವನಗೊಂಡನಹಳ್ಳಿಯ ಸುತ್ತಲಿನ ಬಯಲಿನಲ್ಲಿ ನಿಂತರೆ ಆಕಾಶ ನಾಲ್ಕೂ ಕಡೆಗೆ ತೆರೆದಿದೆ. ಅದೇ ಯಂತ್ರವನ್ನು ದಟ್ಟವಾದ ತೆಂಗಿನ ತೋಟದೊಳಕ್ಕೆ ಒಯ್ದರೆ ಸಂಕೇತದ ಬಲ ಇಳಿಯುತ್ತದೆ. ಮಾರಿಕಣಿವೆಯ ಅಣೆಕಟ್ಟಿನ ಕೆಳಗೆ, ಗುಡ್ಡಗಳ ನಡುವೆ ನಿಂತರೆ ದಿಗಂತದ ಹತ್ತಿರದ ಉಪಗ್ರಹಗಳು ಮರೆಯಾಗುತ್ತವೆ. ಆಗ ಉಳಿದವು ನೆತ್ತಿಯ ಸುತ್ತ ಗುಂಪಾಗಿರುವುದರಿಂದ ತ್ರಿಕೋನಗಳು ಕಿರಿದಾಗಿ ತಪ್ಪಿನ ಅಂದಾಜು ಏರುತ್ತದೆ. ಲ್ಯಾಂಬ್ಟನ್ನನು ಬೆಟ್ಟದಿಂದ ಬೆಟ್ಟಕ್ಕೆ ಅಗಲವಾದ ತ್ರಿಕೋನಗಳನ್ನೇ ಹುಡುಕಿದುದಕ್ಕೂ ಕಾರಣ ಇದೇ.

ಎರಡನೆಯದು ‘ಜಿಪಿಎಸ್‌ಮಾನ್’. ಗ್ರಾಹಕ ಮತ್ತು ಜಿಪಿಎಸ್‌ಡಿಗಳ ನಡುವೆ ಏನು ಮಾತುಕತೆ ನಡೆದಿದೆ ಎಂಬುದನ್ನು ಇದು ಇನ್ನೂ ಒಳಗಿನಿಂದ ತೋರಿಸುತ್ತದೆ. ಯಂತ್ರ ಸಿಕ್ಕಿಸಿದ್ದರೂ ಏನೂ ಕಾಣದಿದ್ದಾಗ ಕುಂದು ಎಲ್ಲಿದೆ ಎಂದು ಹುಡುಕಲು ಇದು ನೆರವಾಗುತ್ತದೆ.

ಮೂರನೆಯದು ‘ಜಿಪಿಎಸ್‌ಪೈಪ್’. ಇದೇ ನಿಜವಾದ ಟಿಪ್ಪಣಿಕಾರ. ಅಡ್ಡಗೆರೆ ಹಾಕಿ ಆರ್ ಎಂದರೆ ಎನ್‌ಎಂಇಎ ಸಾಲುಗಳನ್ನು ಕೊಡುತ್ತದೆ. ಡಬ್ಲ್ಯು ಎಂದರೆ ಜಿಪಿಎಸ್‌ಡಿಯ ಸ್ವಂತ ರೂಪದಲ್ಲಿ, ಪ್ರತಿ ಅಂಕಿಯ ಮುಂದೆ ಅದರ ಹೆಸರನ್ನೂ ಬರೆದು ಕೊಡುತ್ತದೆ. ಎನ್ ಎಂದು ಸಂಖ್ಯೆ ಬರೆದರೆ ಅಷ್ಟು ಸಾಲಿಗೆ ನಿಲ್ಲುತ್ತದೆ. ಓ ಎಂದು ಕಡತದ ಹೆಸರನ್ನು ಕೊಟ್ಟರೆ ಪರದೆಗೆ ಬದಲಾಗಿ ಕಡತಕ್ಕೆ ಬರೆಯುತ್ತದೆ. ಡಬ್ಲ್ಯು ರೂಪದಲ್ಲಿ ಮೊದಲ ಕೆಲವು ಸಾಲುಗಳು ಪರಿಚಯದವು. ಆ ಮೇಲೆ ಬರುವ ‘ಟಿಪಿವಿ’ ಸಾಲುಗಳಲ್ಲಿ ವೇಳೆ, ಸ್ಥಳ, ವೇಗಗಳೂ ‘ಸ್ಕೈ’ ಸಾಲುಗಳಲ್ಲಿ ಉಪಗ್ರಹಗಳ ಹಾಜರಿಯೂ ಇರುತ್ತವೆ.

ನಾಲ್ಕನೆಯದು ‘ಜಿಪಿಎಕ್ಸ್‌ಲಾಗರ್’. ನಡೆದ ದಾರಿಯನ್ನು ಜಿಪಿಎಕ್ಸ್ ಎಂಬ ರೂಪದಲ್ಲಿ ಬರೆದಿಡುತ್ತದೆ. ಈ ರೂಪವನ್ನು ನಕಾಶೆಯ ಬಹುಪಾಲು ಪ್ರೋಗ್ರಾಮುಗಳು ಓದಬಲ್ಲವು. ಎಮ್ ಎಂದು 10 ಕೊಟ್ಟರೆ 10 ಮೀಟರಿಗಿಂತ ಕಡಿಮೆ ಅಲುಗಾಟವನ್ನು ಬರೆಯುವುದಿಲ್ಲ. ನಿಂತ ಬಸ್ಸಿನಲ್ಲಿ ಅಂಕಿಗಳು ತಾವೇ ಅತ್ತಿತ್ತ ಅಲೆಯುವುದರಿಂದ ಇದು ಬೇಕಾದ ಏರ್ಪಾಟು. ಐ ಎಂದು ಕೊಟ್ಟ ಸೆಕೆಂಡುಗಳಷ್ಟು ಹೊತ್ತು ಸ್ಥಳ ಸಿಗದೆ ಹೋದರೆ ಹಳೆಯ ಗೆರೆಯನ್ನು ಮುಗಿಸಿ ಹೊಸ ಗೆರೆಯನ್ನು ಆರಂಭಿಸುತ್ತದೆ. ತಿಳಿಯದ ಜಾಗದಲ್ಲಿ ಊಹೆಯಿಂದ ಗೆರೆ ಎಳೆಯದೆ ಖಾಲಿ ಬಿಡುವ ಈ ಗುಣವು ಒಳ್ಳೆಯ ಶಾನುಭೋಗನಿಗೂ ಒಳ್ಳೆಯ ಇತಿಹಾಸಕಾರನಿಗೂ ಇರಬೇಕಾದದ್ದು.

4. ಒಂದು ನಮೂದನ್ನು ಓದೋಣ

ಅಭ್ಯಾಸಕ್ಕಾಗಿ ಒಂದು ನಮೂದನ್ನು ಕಲ್ಪಿಸಿಕೊಳ್ಳೋಣ. ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಹೋಗುತ್ತಿರುವ ಬಸ್ಸಿನಲ್ಲಿ ಬರೆದದ್ದೆಂದು ತಿಳಿಯಿರಿ.

ವೇಳೆ: ಜನವರಿ 14, 23:30:00, ಝಡ್
ಮೋಡ್: 3
ಅಕ್ಷಾಂಶ: 13.850012345
ರೇಖಾಂಶ: 76.750023456
ರೇಖಾಂಶದ ತಪ್ಪು: 4.2
ಅಕ್ಷಾಂಶದ ತಪ್ಪು: 5.1
ವೇಗ: 16.667

ವೇಳೆಯ ಮುಂದಿನ ಝಡ್ ಅಕ್ಷರವು ಇದು ವಿಶ್ವಕಾಲಮಾನ ಎಂಬುದರ ಗುರುತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆದುದರಿಂದ ಈ ಬಸ್ಸು ಓಡಿದ್ದು ಜನವರಿ 15ರ ಬೆಳಗಿನ ಜಾವ 5 ಗಂಟೆಗೆ. ಇದನ್ನು ಮರೆತವನು ವೇಳೆಯ ಜೊತೆಗೆ ತಾರೀಖನ್ನೂ ತಪ್ಪಾಗಿ ಬರೆಯುತ್ತಾನೆ. ತಾರೀಖಿನ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. ಜಿಪಿಎಸ್ ಮೂಲಸಂಕೇತವು ವಾರಗಳನ್ನು 1023ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. ಯಾವ ಸುತ್ತು ಎಂಬುದನ್ನು ಕೇಳುವವನೇ ನಿರ್ಧರಿಸಬೇಕು. ಜಿಪಿಎಸ್‌ಡಿಯ 3.20ರಿಂದ 3.22ರವರೆಗಿನ ಆವೃತ್ತಿಗಳಲ್ಲಿದ್ದ ಒಂದು ದೋಷದಿಂದ 2021ರ ಅಕ್ಟೋಬರ್ 24ರಂದು ದಿನಾಂಕವು 2002ರ ಮಾರ್ಚಿಗೆ ಹಿಂದೆ ಸರಿಯುವ ಸಂಭವವಿತ್ತು. ಅದನ್ನು ಮುಂಚೆಯೇ ಕಂಡು 3.23ರಲ್ಲಿ ತಿದ್ದಿದರು.

ಮೋಡ್ 3 ಎಂದರೆ ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ದೊರೆತಿವೆ. 2 ಎಂದರೆ ಎತ್ತರ ದೊರೆತಿಲ್ಲ. 1 ಎಂದರೆ ಸ್ಥಳವೇ ಗೊತ್ತಾಗಿಲ್ಲ. ಲೆಕ್ಕಕ್ಕೆ ಕೂರುವ ಮುನ್ನ 1 ಎಂದಿರುವ ಸಾಲುಗಳನ್ನು ಬಿಟ್ಟುಬಿಡಬೇಕು.

ವೇಗವು ಇಲ್ಲಿ ಸೆಕೆಂಡಿಗೆ ಮೀಟರಿನ ಲೆಕ್ಕದಲ್ಲಿದೆ. 16.667ನ್ನು 3.6ರಿಂದ ಗುಣಿಸಿದರೆ ಗಂಟೆಗೆ 60 ಕಿಲೋಮೀಟರು. ಇದೇ ಬಸ್ಸಿನ ಎನ್‌ಎಂಇಎ ಸಾಲನ್ನು ನೋಡಿದರೆ ವೇಗವು ಹಡಗಿನವರ ನಾಟ್ ಲೆಕ್ಕದಲ್ಲಿ 32.4 ಎಂದಿರುತ್ತದೆ.

ಎನ್‌ಎಂಇಎ ಸಾಲಿನಲ್ಲಿ ಇದಕ್ಕಿಂತ ದೊಡ್ಡ ಹಳ್ಳವೊಂದಿದೆ. ಅದರಲ್ಲಿ ಅಕ್ಷಾಂಶವು ಡಿಗ್ರಿ ಮತ್ತು ಮಿನಿಟುಗಳು ಅಂಟಿಕೊಂಡ ರೂಪದಲ್ಲಿರುತ್ತದೆ. 13 ಡಿಗ್ರಿ 51 ಮಿನಿಟನ್ನು 1351.0000 ಎಂದು ಬರೆಯುತ್ತದೆ. ಮಿನಿಟನ್ನು 60ರಿಂದ ಭಾಗಿಸಿದರೆ 13.85 ಡಿಗ್ರಿ ಸರಿಯಾಗಿ ಬರುತ್ತದೆ. ಅವಸರದಲ್ಲಿ 13.51 ಎಂದು ಓದಿಕೊಂಡರೆ ನಮ್ಮೂರು ಸುಮಾರು 38 ಕಿಲೋಮೀಟರು ತೆಂಕಣಕ್ಕೆ ಸರಿದು, ಶಿರಾ ಪಟ್ಟಣದ ಅಕ್ಷಾಂಶವನ್ನೂ ದಾಟಿಬಿಡುತ್ತದೆ!

5. ಒಂಬತ್ತು ದಶಾಂಶಗಳೂ ಆರು ಗುಂಟೆಗಳೂ

ಈಗ ಮುಖ್ಯವಾದ ಮಾತಿಗೆ ಬರೋಣ. ಮೇಲಿನ ನಮೂದಿನಲ್ಲಿ ಅಕ್ಷಾಂಶಕ್ಕೆ ಒಂಬತ್ತು ದಶಾಂಶ ಸ್ಥಾನಗಳಿವೆ. ಒಂದು ಡಿಗ್ರಿ ಅಕ್ಷಾಂಶವು ನಮ್ಮ ಸೀಮೆಯಲ್ಲಿ ಸುಮಾರು 110.6 ಕಿಲೋಮೀಟರು. ಹಾಗಾದರೆ ಐದನೆಯ ದಶಾಂಶ ಸ್ಥಾನದ ಒಂದು ಎಂದರೆ ಒಂದು ಮೀಟರಿಗಿಂತ ತುಸು ಹೆಚ್ಚು; ಒಂಬತ್ತನೆಯ ಸ್ಥಾನದ ಒಂದು ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ! ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆದಂತೆ ಅಂಕಿಯ ಠೀವಿ. ಆದರೆ ಮೂರೇ ಸಾಲಿನ ಕೆಳಗೆ ಅದೇ ಯಂತ್ರವು ತಪ್ಪು 5.1 ಮೀಟರು ಇರಬಹುದೆಂದು ತಾನೇ ಹೇಳುತ್ತಿದೆ. ಈ 5.1 ಕೂಡ ಅಂದಾಜೇ ಹೊರತು ಪ್ರಮಾಣವಚನವಲ್ಲ.

ಇದನ್ನು ನಮ್ಮ ನೆಲಕ್ಕೆ ತಂದು ನೋಡೋಣ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 40 ಗುಂಟೆ ಒಂದು ಎಕರೆ. 33 ಅಡಿಯೆಂದರೆ ಸುಮಾರು 10 ಮೀಟರು. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರು. ಇಬ್ಬರು ಅಣ್ಣತಮ್ಮಂದಿರ ಹೊಲಗಳ ನಡುವೆ 200 ಮೀಟರು ಉದ್ದದ ಬದು ಇದೆಯೆನ್ನಿ. ಮೊಬೈಲಿನ ಗೆರೆ ಬದುವಿನಿಂದ 3 ಮೀಟರು ಆಚೆಗೆ ಬಿದ್ದರೆ 600 ಚದರ ಮೀಟರು, ಎಂದರೆ ಹೆಚ್ಚುಕಡಿಮೆ ಆರು ಗುಂಟೆ ನೆಲವು ಒಬ್ಬನ ಲೆಕ್ಕದಿಂದ ಇನ್ನೊಬ್ಬನ ಲೆಕ್ಕಕ್ಕೆ ಹಾರುತ್ತದೆ. ಎರಡೆಕರೆಯ ಒಡೆಯನಿಗೆ ಆರು ಗುಂಟೆಯೆಂದರೆ ಹದಿಮೂರರಲ್ಲಿ ಒಂದು ಪಾಲು. ಯಂತ್ರ ಸುಳ್ಳು ಹೇಳಿಲ್ಲ. ಅದು ಹೇಳಿದ ಅರ್ಧ ಮಾತನ್ನು ನಾವು ಓದಲಿಲ್ಲ, ಅಷ್ಟೆ. ಬದುವಿನ ಜಗಳಕ್ಕೆ ಎಷ್ಟು ಮನೆಗಳು ಒಡೆದಿವೆ, ಎಷ್ಟು ಮಂದಿ ಕೋರ್ಟಿನ ಮೆಟ್ಟಿಲು ಸವೆಸಿದ್ದಾರೆ ಎಂಬುದನ್ನು ಬಲ್ಲ ನಮಗೆ ಇದು ಬರಿಯ ಅಂಕಗಣಿತವಾಗಿ ತೋರಲಾರದು.

ಹೆಚ್ಚು ಹೊತ್ತು ನಿಂತು ಬರೆದು ಸರಾಸರಿ ತೆಗೆದರೆ ಆಯಿತಲ್ಲವೇ ಎಂದು ಕೇಳಬಹುದು. ಗಳಿಗೆಗಳಿಗೆಗೂ ಅತ್ತಿತ್ತ ಅಲೆಯುವ ತಪ್ಪು ಸರಾಸರಿಯಲ್ಲಿ ತಗ್ಗುವುದು ನಿಜ. ಆದರೆ ವಾಯುಮಂಡಲದ ಮೇಲುಪದರಗಳಿಂದ ಬರುವ ತಪ್ಪು ನಿಧಾನವಾಗಿ ಬದಲಾಗುವಂಥದು. ಹತ್ತು ಮಿನಿಟು ನಿಂತರೆ ಹತ್ತು ಮಿನಿಟೂ ಒಂದೇ ಕಡೆಗೆ ಎಳೆಯಬಹುದು. ಅದಕ್ಕಾಗಿಯೇ ಸರ್ವೆಯವರ ರೋವರ್ ಯಂತ್ರವು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ನಿಖರವಾಗಿ ಗೊತ್ತಿರುವ ಜಾಗದಲ್ಲಿ ಸದಾ ನಿಂತಿರುವ ಆಧಾರಕೇಂದ್ರದಿಂದ ತಿದ್ದುಪಡಿಯನ್ನು ಪಡೆದು ಸೆಂಟಿಮೀಟರುಗಳಲ್ಲಿ ಅಳೆಯುತ್ತದೆ. ಸರ್ವೆ ಆಫ್ ಇಂಡಿಯಾದ ಅಂಥ ಕೇಂದ್ರಗಳ ಜಾಲ ನಮ್ಮ ರಾಜ್ಯದಲ್ಲಿಯೂ ಇದೆ. ಬದುವಿನ ತೀರ್ಮಾನವು ಆ ಅಳತೆಗೂ ಟಿಪ್ಪಣಿಗೂ ಸೇರಿದ್ದು. ಮೊಬೈಲಿನ ಚುಕ್ಕೆಗೆ ಸೇರಿದ್ದಲ್ಲ.

6. ನಮ್ಮ ಕೈಲಾಗುವ ಕೆಲಸ

ಹಾಗೆಂದು ಸಾಧಾರಣ ಗ್ರಾಹಕ ನಿಷ್ಪ್ರಯೋಜಕವೆಂದು ತಿಳಿಯಬಾರದು. ಇರುವ ತಪ್ಪು ಹಿಡಿದ ಕೆಲಸಕ್ಕೆ ತಕ್ಕಷ್ಟು ಚಿಕ್ಕದೇ ಎಂಬುದೊಂದೇ ಪ್ರಶ್ನೆ. ಊರ ಹೊರಗಿನ ವೀರಗಲ್ಲು ಎಲ್ಲಿದೆಯೆಂದು ಗುರುತಿಸಿಡಲು ಐದು ಮೀಟರಿನ ತಪ್ಪು ಲೆಕ್ಕಕ್ಕಿಲ್ಲ. ಮುಂದೆ ಬರುವವನಿಗೆ ಕಲ್ಲು ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೆರೆಗೆ ನೀರು ತರುವ ಹಳೆಯ ಕಾಲುವೆ ಎಲ್ಲಿಂದ ಎಲ್ಲಿಗೆ ಹರಿದಿತ್ತು, ಬತ್ತಿದ ಕೊಳವೆ ಬಾವಿಗಳು ಹೋಬಳಿಯ ಯಾವ ಮಗ್ಗುಲಿನಲ್ಲಿ ಹೆಚ್ಚು, ಹಟ್ಟಿಯ ಮಕ್ಕಳು ಶಾಲೆಗೆ ನಡೆಯುವ ದಾರಿ ಎಷ್ಟು ದೂರ, ಬಸ್ಸು ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಇವೆಲ್ಲ ಇದರಿಂದ ಚೆನ್ನಾಗಿ ತಿಳಿಯುತ್ತವೆ. ಸೆಕೆಂಡಿಗೊಂದರಂತೆ ಗಂಟೆಗೆ 3600 ನಮೂದುಗಳು. ಅಂಕಿಗಳ ರೂಪದಲ್ಲಿರುವುದರಿಂದ ಎಣಿಸಲೂ ಹೋಲಿಸಲೂ ಸುಲಭ.

ಎಲ್ಲರಿಗೂ ಒಂದೊಂದು ಗ್ರಾಹಕ ಎಲ್ಲಿಂದ ತರುವುದು ಎನ್ನುವವರಿಗೂ ಉತ್ತರವಿದೆ. ಜಿಪಿಎಸ್‌ಡಿಯ ಜೊತೆಯಲ್ಲಿ ‘ಜಿಪಿಎಸ್‌ಫೇಕ್’ ಎಂಬ ಪ್ರೋಗ್ರಾಮು ಬರುತ್ತದೆ. ಒಮ್ಮೆ ಬರೆದಿಟ್ಟ ಸಾಲುಗಳನ್ನು ಕೊಟ್ಟರೆ ಗ್ರಾಹಕವೇ ಮಾತಾಡುತ್ತಿರುವಂತೆ ಅದು ಮತ್ತೆ ನುಡಿಸುತ್ತದೆ. ಒಬ್ಬನು ಬಯಲಿನಲ್ಲಿ ಬರೆದು ತಂದ ಒಂದು ಕಡತದಿಂದ ಇಡೀ ತರಗತಿಯು ಕೋಣೆಯೊಳಗೆ ಕುಳಿತೇ ಅಭ್ಯಾಸ ಮಾಡಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಡೆದ ದಾರಿಯ ಕಡತವು ನಡೆದವನ ದಿನಚರಿಯೇ ಆಗಿರುತ್ತದೆ. ಯಾವ ಮನೆಯಿಂದ ಹೊರಟನು, ಎಲ್ಲಿ ತಡೆದನು, ಯಾವ ಮನೆಗೆ ಮರಳಿದನು ಎಂಬುದೆಲ್ಲ ಅದರಲ್ಲಿದೆ. ಬಂದು ಕೇಳಿದವರು ಯಾರೆಂದು ಜಿಪಿಎಸ್‌ಡಿಯು ವಿಚಾರಿಸುವುದಿಲ್ಲ. ಆದುದರಿಂದಲೇ ಬೇರೆಯಾಗಿ ಹೇಳದ ಹೊರತು ಅದು ತನ್ನ ಯಂತ್ರದೊಳಗಿನ ಗಿರಾಕಿಗಳಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಅನ್ಯರ ದಾರಿಯನ್ನು ಅವರ ಒಪ್ಪಿಗೆಯಿಲ್ಲದೆ ಬರೆಯುವುದೂ, ಬರೆದದ್ದನ್ನು ಹಂಚುವುದೂ ವಿದ್ಯಾವಂತರಿಗೆ ತಕ್ಕುದಲ್ಲ.

ಓದು ಬರಹ ಬಾರದ ಕಾಲದಲ್ಲಿ ನಮ್ಮ ಹಿರಿಯರು ಕಾಗದದ ಮೇಲೆ ಏನಿದೆಯೆಂದು ಓದಿದವರನ್ನು ಕೇಳಿ ಹೆಬ್ಬೆಟ್ಟು ಒತ್ತುತ್ತಿದ್ದರು. ಪರದೆಯ ಮೇಲಿನ ಚುಕ್ಕೆಯನ್ನು ಕಂಡು ಅದರ ಟಿಪ್ಪಣಿಯನ್ನು ಓದದೆ ತಲೆದೂಗುವುದು ಹೆಬ್ಬೆಟ್ಟು ಒತ್ತುವುದಕ್ಕಿಂತ ಬಹಳ ಬೇರೆಯಲ್ಲ. ಪದವಿ ಪಡೆದು ಊರಿಗೆ ಮರಳುವ ನಮ್ಮನ್ನು ನಾಳೆ ಯಾರಾದರೂ ಮೊಬೈಲನ್ನು ಮುಂದೆ ಹಿಡಿದು ‘ನೀನು ಓದಿದೋನು, ಇದು ಸರಿಯೇನಪ್ಪ ನೋಡು’ ಎಂದು ಕೇಳುವರು. ಆಗ ಅಕ್ಷಾಂಶ ರೇಖಾಂಶಗಳ ಜೊತೆಗೆ ತಪ್ಪಿನ ಸಾಲನ್ನೂ ಓದಿ ಹೇಳುವಷ್ಟಾದರೂ ನಾವು ಕಲಿತಿರಬೇಕು.